ಯಾರ್ಕ್ ಸ್ಟೇಷನ್ ಸುತ್ತ ರಿಯಲ್ ಏಲ್: ರೈಲಿಗೆ ಎಷ್ಟು ಹೊತ್ತಿದೆ, ಯಾವ ಪಬ್‌ಗೆ ಹೋಗಬೇಕು?

ಮೊದಲ ಗುಟುಕಿಗೇ ಭಾವ ಮುಖ ಕಿವುಚಿದರು. “ಅಲ್ಲ ಕಣೋ, ಇದನ್ನ ಫ್ರಿಜ್ಜಲ್ಲಿ ಇಟ್ಟೇ ಇಲ್ವಲ್ಲೋ. ಗ್ಯಾಸೂ ಹೋಗಿದೆ. ನಿನ್ನೆ ಉಳಿದಿದ್ದು ಕೊಟ್ಟವ್ನೆ, ವಾಪಸ್ ಕೊಟ್ಬಿಡು.”

ಮಂಡ್ಯದ ಮನುಷ್ಯ. ಬಿಯರ್ ಅಂದರೆ ಬಾಟಲಿ ಬೆವರಬೇಕು, ಹಲ್ಲು ಜುಂ ಅನ್ನಬೇಕು ಎಂದು ನಂಬಿಕೊಂಡು ಬೆಳೆದವರು. ನಾವೆಲ್ಲ ಹಾಗೇ ಅಲ್ವಾ? ನಮ್ಮ ಕಿಂಗ್‌ಫಿಷರ್ ಬಿಯರಿನ ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು 1915ರಲ್ಲಿ ಕಟ್ಟಿದ್ದು ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು. ಆದರೂ ಅವನ ಕಡೆಯವರು ಬಿಯರ್ ಕುಡಿಯುವ ರೀತಿ ನಮಗೆ ಅಂಟಲಿಲ್ಲ. ನಮ್ಮ ಬಿಸಿಲಿಗೆ ಒಗ್ಗಿದ್ದು ತಣ್ಣನೆಯ ಲಾಗರ್.

ಅವತ್ತು ನಾವು ಕೂತಿದ್ದು ಇಂಗ್ಲೆಂಡಿನ ಯಾರ್ಕ್ ರೈಲು ನಿಲ್ದಾಣದ ಒಳಗಿನ ಪಬ್‌ನಲ್ಲಿ. ಲಂಡನ್ ರೈಲಿಗೆ ಇನ್ನೂ 50 ನಿಮಿಷ ಇತ್ತು. ಊರಿಂದ ಬಂದವರು ಲಂಡನ್–ಎಡಿನ್‌ಬರೋ ಹೋಗುವಾಗ ಯಾರ್ಕ್‌ನಲ್ಲಿ ಒಂದು ದಿನ ಇಳಿಯುವುದು ಈಗ ಮಾಮೂಲು. ಮಿನ್‌ಸ್ಟರ್ ಎಂಬ ದೊಡ್ಡ ಚರ್ಚ್ ನೋಡುತ್ತಾರೆ, ಷ್ಯಾಂಬಲ್ಸ್ ಬೀದಿಯಲ್ಲಿ ಫೋಟೋ ತೆಗೆಯುತ್ತಾರೆ, ಟಿಕೆಟ್ ಇಲ್ಲದ ರೈಲ್ವೆ ಮ್ಯೂಸಿಯಂನಲ್ಲಿ ಮಕ್ಕಳನ್ನು ಓಡಾಡಿಸುತ್ತಾರೆ. ಸಂಜೆ ಸ್ಟೇಷನ್‌ಗೆ ಬಂದು ಕಾಯುತ್ತಾರೆ. ಆ ಕಾಯುವ ಹೊತ್ತನ್ನು ಎಲ್ಲಿ ಕಳೆಯಬಹುದು ಅನ್ನುವುದೇ ಈ ಬರಹ. ಅರ್ಧ ಗಂಟೆಗೆ ಒಂದು ಪಬ್ ಸರಿ, ಎರಡು ಗಂಟೆಗೆ ಬೇರೆಯದೇ ಸರಿ.

ಭಾವನಿಗೆ ಹೇಳಿದ್ದನ್ನೇ ನಿಮಗೂ ಹೇಳಿಬಿಡುತ್ತೇನೆ. ರಿಯಲ್ ಏಲ್ ಅಂದರೆ ಪೀಪಾಯಿಯಲ್ಲಿ ಇನ್ನೂ ಜೀವ ಇರುವ ಬಿಯರ್. ಅದರೊಳಗೆ ಯೀಸ್ಟ್ ಸತ್ತಿರುವುದಿಲ್ಲ. ಪಬ್‌ಗೆ ಬಂದ ಮೇಲೂ ನೆಲಮಾಳಿಗೆಯಲ್ಲಿ ಕೂತು ಹುದುಗುತ್ತಲೇ ಇರುತ್ತದೆ. ಹೊರಗಿನಿಂದ ಗ್ಯಾಸ್ ತುಂಬಿ ತಳ್ಳುವುದಿಲ್ಲ, ಕೈಪಂಪಿನಲ್ಲಿ ಎಳೆದು ಮೇಲಕ್ಕೆ ತರುತ್ತಾರೆ. ಅದಕ್ಕೇ ಗ್ಯಾಸ್ ಕಮ್ಮಿ. ನೆಲಮಾಳಿಗೆ 11ರಿಂದ 13 ಡಿಗ್ರಿ ಇರುತ್ತದೆ. ಫ್ರಿಜ್ಜಿನ ತಣುಪು ಅಲ್ಲ, ಮಲೆನಾಡಿನ ಬಾವಿ ನೀರಿನ ತಣುಪು ಅನ್ನಿ. ಪೀಪಾಯಿಗೆ ನಲ್ಲಿ ಹೊಡೆದು ಬಡಿಸಲು ಶುರುಮಾಡಿದ ಮೇಲೆ ಸುಮಾರು ಮೂರು ದಿನ ಚೆನ್ನಾಗಿರುತ್ತದೆ. ಆಮೇಲೆ ಸಪ್ಪೆಯಾಗುತ್ತದೆ, ಇನ್ನೂ ಬಿಟ್ಟರೆ ಹುಳಿ.

“ಓ, ಹಂಗಾದ್ರೆ ಈಚಲು ಹೆಂಡ ಇದ್ದಂಗೆ ಅನ್ನು” ಅಂದರು ಭಾವ. “ಬೆಳಗ್ಗೆ ಇಳಿಸಿದ್ದು ಸಿಹಿ, ಸಂಜೆಗೆ ಹುಳಿ.” ನಾನು ಐದು ನಿಮಿಷ ಒದ್ದಾಡಿ ಹೇಳಿದ್ದನ್ನು ಅವರು ಒಂದೇ ಮಾತಲ್ಲಿ ಮುಗಿಸಿದ್ದರು.

ಪಂಪ್ ಎಣಿಸಬೇಡಿ

ಹೆಂಡದ ಲೆಕ್ಕ ಗೊತ್ತಿದ್ದವರಿಗೆ ಪಬ್ ಆರಿಸುವುದು ಸುಲಭ. ಇಪ್ಪತ್ತು ಪಂಪ್ ಸಾಲಾಗಿ ನಿಂತಿದ್ದರೆ ನೋಡಲು ಭರ್ಜರಿ. ಆದರೆ ನೋಡಬೇಕಾದ್ದು ಎಷ್ಟು ಬೇಗ ಖಾಲಿಯಾಗುತ್ತಿದೆ ಅನ್ನುವುದನ್ನು. ಮಾಮೂಲಿ ಪೀಪಾಯಿಗೆ ಇಲ್ಲಿ ಫರ್ಕಿನ್ ಅನ್ನುತ್ತಾರೆ. 9 ಗ್ಯಾಲನ್, ಅಂದರೆ 72 ಪಿಂಟ್. ಒಂದು ಪಿಂಟ್ 568 ಮಿಲಿ. ಇಪ್ಪತ್ತು ಪಂಪಿಗೆ ಇಪ್ಪತ್ತು ಪೀಪಾಯಿ ತೆರೆದರೆ ಮೂರು ದಿನದಲ್ಲಿ 1,440 ಪಿಂಟ್ ಹೋಗಬೇಕು. ದಿನಕ್ಕೆ 480. ಜನ ನುಗ್ಗುವ ಜಾಗದಲ್ಲಿ ಇದು ಆಗುವ ಮಾತು. ಗಲ್ಲಿಯೊಳಗಿನ ಪಬ್‌ನಲ್ಲಿ ಮಂಗಳವಾರ ಮಧ್ಯಾಹ್ನ ನಾಲ್ಕು ಜನ ಕೂತಿರುತ್ತಾರೆ, ಪಂಪ್ ಹತ್ತು ಇರುತ್ತವೆ. ಅಲ್ಲಿ ನಿಮಗೆ ಸಿಗುವುದು ಶನಿವಾರದ್ದೋ ಶುಕ್ರವಾರದ್ದೋ. ಅಂಥ ಕಡೆ ಮೂರೇ ಪಂಪ್ ಇಟ್ಟುಕೊಂಡವನು ಬುದ್ಧಿವಂತ.

ಈ ಬುದ್ಧಿ ನನಗೆ ಬಂದದ್ದು ಪೆಟ್ಟು ತಿಂದ ಮೇಲೆ. ಬೇರೊಂದು ಊರಿನ ಸ್ಟೇಷನ್ ಹತ್ತಿರ, ಹೆಸರು ಬೇಡ, ಹನ್ನೆರಡು ಪಂಪ್ ನೋಡಿ ಮರುಳಾಗಿ ಒಳಗೆ ಹೋದೆ. ಕೊಟ್ಟಿದ್ದು ಅಪ್ಪಟ ವಿನೆಗರ್. ಸಂಕೋಚಪಟ್ಟುಕೊಂಡು ಅರ್ಧ ಕುಡಿದು ಎದ್ದೆ. ಈಗಾದರೆ ಹಾಗೆ ಮಾಡುವುದಿಲ್ಲ. ಲೋಟ ತೆಗೆದುಕೊಂಡು ಹೋಗಿ “ಇದು ಸ್ವಲ್ಪ ಹುಳಿ ಇದ್ದ ಹಾಗಿದೆ, ನೋಡ್ತೀರಾ?” ಅಂತ ಮೆಲ್ಲಗೆ ಕೇಳಿದರೆ ಸಾಕು. ಒಳ್ಳೆಯ ಪಬ್‌ನವರು ಮೂಸಿ ನೋಡಿ, ಜಗಳವಿಲ್ಲದೆ ಬೇರೆ ಕೊಡುತ್ತಾರೆ. ಕೊಡದಿದ್ದರೆ ಅದು ಒಳ್ಳೆಯ ಪಬ್ ಅಲ್ಲ. ಆ ಊರಲ್ಲಿ ಇನ್ನೂ ಪಬ್‌ಗಳಿರುತ್ತವೆ, ಬಿಡಿ.

ಯಾರ್ಕ್ ಟ್ಯಾಪೋ, ಮಾಲ್ಟಿಂಗ್ಸೋ?

ಯಾರ್ಕ್ ಸ್ಟೇಷನ್ ಹತ್ತಿರ ಎಂದ ತಕ್ಷಣ ಬರುವ ಎರಡು ಹೆಸರು ಇವು. ಒಂದು ಸ್ಟೇಷನ್ ಒಳಗೇ ಇದೆ, ಇನ್ನೊಂದಕ್ಕೆ ಐದು ನಿಮಿಷ ನಡಿಗೆ. ಎರಡೂ ಚೆನ್ನಾಗಿವೆ. ಆದರೆ ಎರಡಕ್ಕೂ ಹೋಗುವ ಸಂದರ್ಭ ಬೇರೆ ಬೇರೆ.

ಯಾರ್ಕ್ ಟ್ಯಾಪ್ ಇರುವುದು 1907ರ ಹಳೆಯ ಟೀ ರೂಮಿನಲ್ಲಿ. ನಡುವೆ ಒಂದಷ್ಟು ಕಾಲ ಅಲ್ಲಿ ಮಾಡೆಲ್ ರೈಲುಗಳ ಪ್ರದರ್ಶನವಿತ್ತು. 2011ರಲ್ಲಿ ಪಬ್ ಆಯಿತು. ಷೆಫೀಲ್ಡ್ ಸ್ಟೇಷನ್ನಿನ ಷೆಫೀಲ್ಡ್ ಟ್ಯಾಪ್, ಲಂಡನ್ನಿನ ಯೂಸ್ಟನ್ ಟ್ಯಾಪ್ ಎರಡನ್ನೂ ಶುರು ಮಾಡಿದವರೇ ಇದನ್ನೂ ಮಾಡಿದ್ದು. ಒಳಗೆ ಹೋದವರು ಮೊದಲು ತಲೆ ಎತ್ತಿ ನೋಡುತ್ತಾರೆ. ಚಾವಣಿಯಲ್ಲಿ ಗುಮ್ಮಟದಂಥ ಗಾಜು, ಕಿಟಕಿಗಳಲ್ಲಿ ಬಣ್ಣದ ಗಾಜು, ನಡುವೆ ಗುಂಡಗೆ ಸುತ್ತುವ ಕೌಂಟರ್, ಅದರ ಮೇಲೆ ಪಂಪ್‌ಗಳ ಸಾಲು. ಇಪ್ಪತ್ತರ ಹತ್ತಿರ ಇವೆ. ನನ್ನ ಲೆಕ್ಕದ ಪ್ರಕಾರ ಇಷ್ಟೊಂದು ಪಂಪ್ ಅಪಾಯ. ಆದರೆ ಇಲ್ಲಿ ಅಪಾಯವಿಲ್ಲ. ದಿನವಿಡೀ ರೈಲುಗಳು ಜನರನ್ನು ತಂದು ಸುರಿಯುತ್ತಲೇ ಇರುತ್ತವೆ, ಪೀಪಾಯಿ ಹಳಸಲು ಪುರುಸೊತ್ತೇ ಇಲ್ಲ.

ತಿನ್ನಲು ಮಾತ್ರ ಇಲ್ಲಿ ಹೆಚ್ಚೇನೂ ಹುಡುಕಬೇಡಿ. ಇದು ಕುಡಿಯುವ ಜಾಗ. ಪೋರ್ಕ್ ಪೈ ಇರುತ್ತದೆ. ಅದು ಬೇಡ ಅನ್ನುವವರಿಗೆ ಕ್ರಿಸ್ಪ್ಸ್, ಕಡಲೆಬೀಜ. ಹೊಟ್ಟೆ ತುಂಬಿಸಿಕೊಂಡೇ ಬನ್ನಿ.

ಮಾಲ್ಟಿಂಗ್ಸ್‌ಗೆ ಹೋಗಲು ಸ್ಟೇಷನ್ನಿಂದ ಹೊರಬಿದ್ದು ಎಡಕ್ಕೆ ತಿರುಗಿ. ಹಳೆಯ ಕೋಟೆ ಗೋಡೆಯ ಬದಿಯಲ್ಲೇ ಲೆಂಡಲ್ ಸೇತುವೆಯ ಕಡೆ ನಡೆಯಿರಿ. ಸೇತುವೆ ಹತ್ತುವ ಮುಂಚೆ ಬಲಕ್ಕೆ ಇಳಿಯುವ ಟ್ಯಾನರ್ಸ್ ಮೋಟ್ ಎಂಬ ಸಣ್ಣ ರಸ್ತೆಯಲ್ಲಿ ಕಪ್ಪು ಬಣ್ಣದ ಕಟ್ಟಡ. 1842ರದ್ದು, ಮಾಲ್ಟಿಂಗ್ಸ್ ಎಂಬ ಹೆಸರು ಬಂದದ್ದು 1992ರಲ್ಲಿ. ಹೊರಗಿನಿಂದ ನೋಡಿದರೆ ಮುಚ್ಚಿದ ಗೋದಾಮು ಅನ್ನಿಸುತ್ತದೆ. ಒಳಗೆ ಗುಜರಿ ಅಂಗಡಿಯವನೇ ಮನೆ ಅಲಂಕಾರ ಮಾಡಿದ ಹಾಗಿದೆ. ಎಲ್ಲೆಲ್ಲಿಂದಲೋ ತಂದ ಹಳೆಯ ಬಾಗಿಲುಗಳು ಗೋಡೆಯಾಗಿವೆ, ತಗಡಿನ ಹಳೇ ಜಾಹೀರಾತು ಬೋರ್ಡುಗಳು ಎಲ್ಲ ಕಡೆ. ಟ್ಯಾಪ್‌ನ ಬಣ್ಣದ ಗಾಜಿನ ಮುಂದೆ ಇದು ಏನೂ ಅಲ್ಲ. ಆದರೂ ನನಗೆ ಇದೇ ಇಷ್ಟ. ಆರೇಳು ಪಂಪ್ ಇರುತ್ತವೆ, ಬಹಳಷ್ಟು ಬದಲಾಗುತ್ತಲೇ ಇರುತ್ತವೆ. ಮಧ್ಯಾಹ್ನ ಹೋದರೆ ಊಟವೂ ಸಿಗುತ್ತದೆ, ತಟ್ಟೆ ದೊಡ್ಡದು.

ಹಾಗಾದರೆ ಯಾವುದು? ನನ್ನ ಉತ್ತರ ನಿಮ್ಮ ಟಿಕೆಟ್ಟಿನಲ್ಲಿದೆ. ಇಲ್ಲಿ ಅಗ್ಗದ ಅಡ್ವಾನ್ಸ್ ಟಿಕೆಟ್ ಅಂದರೆ ಅದೇ ರೈಲು, ಅದೇ ಹೊತ್ತು. ತಪ್ಪಿಸಿಕೊಂಡರೆ ಟಿಕೆಟ್ ಕಸದ ಬುಟ್ಟಿಗೆ. ಅಂಥ ಟಿಕೆಟ್ ಇದ್ದು ಒಂದು ಗಂಟೆಗಿಂತ ಕಮ್ಮಿ ಹೊತ್ತಿದ್ದರೆ ಸುಮ್ನೆ ಟ್ಯಾಪ್‌ಗೆ ಹೋಗಿ. ಜನದಟ್ಟಣೆಯ ಹೊತ್ತು ಬಿಟ್ಟು ಬೇರೆ ರೈಲು ಹತ್ತಬಹುದಾದ ಆಫ್‌ಪೀಕ್ ಟಿಕೆಟ್ ಇದ್ದರೆ ಮಾಲ್ಟಿಂಗ್ಸ್. ಅಡ್ವಾನ್ಸ್ ಟಿಕೆಟ್ ಜೇಬಲ್ಲಿಟ್ಟುಕೊಂಡು ಮಾಲ್ಟಿಂಗ್ಸ್‌ನಲ್ಲಿ “ಇನ್ನೊಂದು ಅರ್ಧ ತಗೊಳ್ಳೋಣ” ಅಂದವನ ಕಥೆ ನನಗೆ ಚೆನ್ನಾಗಿ ಗೊತ್ತು. ನಾನೇ ಅವನು. ಐದು ನಿಮಿಷದ ದಾರಿ ಮಳೆಯಲ್ಲಿ ಚಕ್ರದ ಸೂಟ್‌ಕೇಸ್ ಎಳೆಯುವಾಗ ಐದು ನಿಮಿಷ ಇರುವುದಿಲ್ಲ.

ಇನ್ನೊಂದು ವಿಷಯ. ಶನಿವಾರ, ಅದರಲ್ಲೂ ಕುದುರೆ ರೇಸ್ ಇರುವ ದಿನ ಟ್ಯಾಪ್ ಕಡೆ ತಲೆ ಹಾಕಬೇಡಿ. ಆಗಸ್ಟ್‌ನ ಈಬರ್ ರೇಸ್ ಸಮಯದಲ್ಲಂತೂ ಸೂಟು, ಹ್ಯಾಟು, ಹೈಹೀಲ್ಸ್ ಎಲ್ಲ ಸ್ಟೇಷನ್ನಿನಲ್ಲೇ ಇರುತ್ತವೆ. ಪಂಪ್ ತನಕ ತಲುಪುವಷ್ಟರಲ್ಲಿ ರೈಲು ಬಂದಿರುತ್ತದೆ.

ಬಲಕ್ಕೆ ತಿರುಗಿದರೆ

ಸ್ಟೇಷನ್ನಿಂದ ಬಲಕ್ಕೆ ಹೋದರೆ ಮಿಕಲ್‌ಗೇಟ್ ಬಾರ್ ಸಿಗುತ್ತದೆ. ಹೆಸರು ನೋಡಿ ಖುಷಿಪಡಬೇಡಿ, ಅದು ಕುಡಿಯುವ ಬಾರ್ ಅಲ್ಲ. ಯಾರ್ಕ್‌ನಲ್ಲಿ ಕೋಟೆ ಬಾಗಿಲಿಗೆ ಬಾರ್ ಅನ್ನುತ್ತಾರೆ. ಭಾವ ಅದರ ಮುಂದೆ ನಿಂತು “ಎಲ್ಲೋ ಬಾಗಿಲು?” ಅಂದಿದ್ದರು.

ಆ ಬಾಗಿಲು ದಾಟಿ ಮಿಕಲ್‌ಗೇಟ್ ಬೀದಿಗೆ ಬಂದರೆ 114ನೇ ನಂಬರಿನಲ್ಲಿ ಬ್ರಿಗ್ಯಾಂಟಿಸ್. ಹ್ಯಾನ್ಸಮ್ ಕ್ಯಾಬ್ ಎಂಬ ಎರಡು ಚಕ್ರದ ಕುದುರೆ ಗಾಡಿ ಇತ್ತಲ್ಲ, ಅದನ್ನು ರೂಪಿಸಿದ ಜೋಸೆಫ್ ಹ್ಯಾನ್ಸಮ್ 1803ರಲ್ಲಿ ಹುಟ್ಟಿದ್ದು ಈ ಮನೆಯಲ್ಲೇ. ಪಬ್ ಚೊಕ್ಕಟವಾಗಿದೆ, ಊಟ ಇದೆ, ಹೆಂಡತಿ ಮಕ್ಕಳ ಜೊತೆ ಇದ್ದಾಗ ಹೋಗಲು ಸಲೀಸು. ಬೇಜಾರಿಲ್ಲ, ಆದರೆ ನೆನಪಲ್ಲಿ ಉಳಿಯುವಂಥದ್ದೂ ಅಲ್ಲ. ಶನಿವಾರ ಸಂಜೆ ಆ ಬೀದಿಯಲ್ಲಿ ಮದುವೆಗೆ ಮುಂಚಿನ ಪಾರ್ಟಿಗಳ ಗುಂಪು ಜಾಸ್ತಿ. ಪಬ್‌ನಿಂದ ಪಬ್‌ಗೆ ಮೆರವಣಿಗೆ ಹೋಗುತ್ತಾರೆ.

ಇನ್ನೂ ಸ್ವಲ್ಪ ನಡೆಯುತ್ತೇನೆ ಅಂದರೆ ಹೋಲ್ಗೇಟ್ ರೋಡಿನ ಫಾಕ್ಸ್. ಆಸೆಟ್ ಬ್ರೂವರಿಯವರ ಪಬ್. ಅವರ ಬಳಗದ ವೈಟ್ ರ‍್ಯಾಟ್ ಎಂಬ ತಿಳಿಬಣ್ಣದ ಏಲ್ 4 ಪರ್ಸೆಂಟಿನದು, ಲಾಗರ್ ನಾಲಿಗೆಯವರು ಶುರು ಮಾಡಲು ನಾನು ಹೇಳುವುದು ಇಂಥದ್ದನ್ನೇ. ಪಂಪ್‌ಗಳಲ್ಲಿ ಹೆಚ್ಚಾಗಿ ಅವರದೇ ಬಿಯರ್, ಹಾಗಾಗಿ ಹತ್ತು ಊರಿನ ರುಚಿ ನೋಡಬೇಕೆನ್ನುವವರಿಗೆ ಇದಲ್ಲ.

ನನಗೆ ಕೇಳಿದರೆ ಗೋಲ್ಡನ್ ಬಾಲ್

ಎರಡು ಗಂಟೆ ಇದೆ, ಸಂಜೆ ಹೊತ್ತು, ಮಳೆ ಇಲ್ಲ. ಆಗ ನಾನು ಕರೆದುಕೊಂಡು ಹೋಗುವುದು ಬಿಷಪ್‌ಹಿಲ್‌ನ ಗೋಲ್ಡನ್ ಬಾಲ್‌ಗೆ. ಕೋಟೆ ಗೋಡೆಯ ಒಳಗೇ ಇದೆ, ಆದರೆ ಪ್ರವಾಸಿಗರ ಕಾಲು ಆ ಕಡೆ ಬೀಳುವುದಿಲ್ಲ. ಇಟ್ಟಿಗೆ ಮನೆಗಳ ಸಾಲಿನ ನಡುವೆ ಮೂಲೆಯಲ್ಲಿ ಒಂದು ಪಬ್. ಸ್ಟೇಷನ್ನಿಂದ ಹನ್ನೆರಡು ಹದಿನೈದು ನಿಮಿಷ.

ಇದು ಯಾವ ಕಂಪನಿಯ ಹೆಸರಿನಲ್ಲೂ ನಡೆಯುವುದಿಲ್ಲ. 2012ರಿಂದ ಸುತ್ತಮುತ್ತಲಿನವರೇ ಸೇರಿ ಸಹಕಾರ ಸಂಘ ಮಾಡಿಕೊಂಡು ನಡೆಸುತ್ತಿದ್ದಾರೆ. ನಮ್ಮಲ್ಲಿ ಹಾಲಿನ ಡೇರಿಗೆ ಸೊಸೈಟಿ ಇದೆಯಲ್ಲ, ಇಲ್ಲಿ ಪಬ್‌ಗೆ! ಭಾವ ಇದನ್ನು ಕೇಳಿ ನಂಬಲಿಲ್ಲ. “ಸೊಸೈಟಿ ಅಂದ್ಮೇಲೆ ಎಲೆಕ್ಷನ್ನೂ ಇರುತ್ತಾ?” ಅಂತ ಕೇಳಿದರು. ಮಂಡ್ಯದವರಿಗೆ ಬರಬೇಕಾದ ಪ್ರಶ್ನೆಯೇ.

ಒಳಗಿನ ಅಲಂಕಾರ 1929ರದ್ದು. ಜಾನ್ ಸ್ಮಿತ್ಸ್ ಬ್ರೂವರಿಯವರು ಆಗ ಮಾಡಿಸಿದ್ದನ್ನು ಯಾರೂ ಕಿತ್ತು ಹಾಕಿಲ್ಲ. ಒಂದೇ ದೊಡ್ಡ ಹಾಲ್ ಅಲ್ಲ, ಸಣ್ಣ ಸಣ್ಣ ಕೋಣೆಗಳು. ಒಂದರಲ್ಲಿ ಮಾತು, ಒಂದರಲ್ಲಿ ಆಟ, ಹಿಂದೆ ಕೂರಲು ತೋಟ. ಕೌಂಟರಿನಲ್ಲಿ ನಿಂತು ಪಂಪ್ ಎಳೆಯುವುದನ್ನು ನೋಡಿ. ಉದ್ದನೆಯ ಹಿಡಿಯನ್ನು ನಿಧಾನಕ್ಕೆ ತಮ್ಮ ಕಡೆ ಬಾಗಿಸುತ್ತಾರೆ. ಎರಡು ಮೂರು ಎಳೆತಕ್ಕೆ ಲೋಟ ತುಂಬುತ್ತದೆ. ಮೊದಲು ಎಲ್ಲ ಕಲಕಿದ ಹಾಲಿನಂತೆ ಇರುತ್ತದೆ. ಲೋಟ ಇಟ್ಟ ಮೇಲೆ ತಳದಿಂದ ತಿಳಿಯಾಗುತ್ತ, ತಿಳಿಯಾಗುತ್ತ ಮೇಲಕ್ಕೆ ಬರುತ್ತದೆ. ಕೊನೆಗೆ ಮೇಲೆ ಒಂದು ಬೆರಳು ದಪ್ಪ ನೊರೆ. ಪಂಪಿನ ಮೂತಿಗೆ ಸಣ್ಣ ತೂತುಗಳ ಒಂದು ಮುಚ್ಚಳ ಹಾಕಿರುತ್ತಾರೆ, ಸ್ಪಾರ್ಕ್ಲರ್ ಅಂತ. ನೊರೆ ಬರುವುದು ಅದರಿಂದಲೇ. ಕಾಫಿಯನ್ನು ಎತ್ತಿ ಹೊಯ್ದು ನೊರೆ ಬರಿಸುತ್ತೀವಲ್ಲ, ಅದೇ ಕೆಲಸ. ಲಂಡನ್ ಕಡೆಯವರಿಗೆ ಇದು ಆಗದು. ನೊರೆ ಕಟ್ಟಿದರೆ ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಹೂವಿನ ವಾಸನೆ ಹೋಯಿತು ಅನ್ನುತ್ತಾರೆ. ಯಾರ್ಕ್‌ಷೈರಿನವರಿಗೆ ನೊರೆ ಇಲ್ಲದಿದ್ದರೆ ಅದು ಬಿಯರೇ ಅಲ್ಲ. ನಾನು ಕಾಫಿಯ ಕಡೆಯವನು, ಹಾಗಾಗಿ ಯಾರ್ಕ್‌ಷೈರ್ ಪಕ್ಷ.

ಒಂದೇ ತೊಂದರೆ, ವಾರದ ದಿನಗಳಲ್ಲಿ ಮಧ್ಯಾಹ್ನ ಬಾಗಿಲು ತೆರೆದೇ ಇರುತ್ತದೆ ಅಂದುಕೊಳ್ಳಬೇಡಿ. ಫೋನಿನಲ್ಲಿ ಸಮಯ ನೋಡಿಕೊಂಡೇ ಹೊರಡಿ.

ಅಲ್ಲಿಂದ ಹತ್ತು ನಿಮಿಷದೊಳಗೆ, ಗೋಡೆಯ ಆಚೆ ಬಿಷಪ್‌ಗೇಟ್ ಸ್ಟ್ರೀಟಿನಲ್ಲಿ ಸ್ವಾನ್ ಇದೆ. 1936ರಲ್ಲಿ ಟೆಟ್ಲಿ ಬ್ರೂವರಿಗಾಗಿ ಮಾಡಿದ ಒಳಾಂಗಣ ಹಾಗೇ ಉಳಿದಿದೆ. ಇಲ್ಲಿ ಜನ ಕೋಣೆಗಿಂತ ಹೆಚ್ಚಾಗಿ ನಡುಮನೆಯಲ್ಲೇ ನಿಂತು ಕುಡಿಯುತ್ತಾರೆ, ಯಾರ್ಕ್‌ಷೈರಿನ ಹಳೆಯ ರೂಢಿ ಅದು. ಹಳೆಯ ಪಬ್‌ಗಳ ಹುಚ್ಚಿರುವವರು ಇದನ್ನೂ ನೋಡಿ, ಊರೊಳಗೆ ಫಾಸ್‌ಗೇಟ್‌ನ ಬ್ಲೂ ಬೆಲ್ ಅನ್ನೂ ನೋಡಿ. ಅದರ ಒಳಾಂಗಣ 1903ರದ್ದು. ಎರಡು ಪುಟ್ಟ ಕೋಣೆ, ನಡುವೆ ಒಂದು ಓಣಿ, ಅಷ್ಟೇ. ಆರೆಂಟು ಜನ ಗುಂಪಾಗಿ ಹೋದರೆ ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ. ಆದರೆ ಇವೆರಡನ್ನೂ ಸ್ಟೇಷನ್ ಹತ್ತಿರದ ಪಬ್ ಅಂತ ಕರೆದರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ. ರೈಲು ತಪ್ಪಿದವರಿಗೆ, ರಾತ್ರಿ ಉಳಿಯುವವರಿಗೆ ಇರಲಿ.

ಸಸ್ಯಾಹಾರಿಗಳು ಇದನ್ನು ಓದಿ

ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಪೀಪಾಯಿಯೊಳಗಿನ ಯೀಸ್ಟ್ ತಳಕ್ಕೆ ಕೂತು ಬಿಯರ್ ತಿಳಿಯಾಗಲು ಐಸಿಂಗ್ಲಾಸ್ ಎಂಬ ಪದಾರ್ಥ ಹಾಕುತ್ತಾರೆ. ಅದು ಮೀನಿನ ಗಾಳಿಚೀಲದಿಂದ ತಯಾರಾಗುವಂಥದ್ದು. ಲೋಟಕ್ಕೆ ಬರುವಷ್ಟರಲ್ಲಿ ಅದು ತಳದಲ್ಲೇ ಉಳಿದಿರುತ್ತದೆ, ರುಚಿಯಲ್ಲಿ ಗೊತ್ತಾಗುವುದಿಲ್ಲ. ಆದರೂ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವರಿಗೆ ಇದು ಗೊತ್ತಿರಬೇಕು. ಎಲ್ಲ ಏಲ್‌ಗೂ ಹಾಕುವುದಿಲ್ಲ. “ವೀಗನ್ ಯಾವುದಿದೆ?”, ಅಂದರೆ ಪ್ರಾಣಿಯಿಂದ ಬಂದದ್ದು ಏನೂ ಇಲ್ಲದ್ದು ಯಾವುದು, ಅಂತ ಕೇಳಿದರೆ ಹೇಳುತ್ತಾರೆ. ಯಾರ್ಕ್ ಹತ್ತಿರದ ಮಾಲ್ಟನ್ ಊರಿನ ಬ್ರಾಸ್ ಕ್ಯಾಸಲ್ ಬ್ರೂವರಿಯ ಬಿಯರ್‌ಗಳು ವೀಗನ್. ಆ ಹೆಸರು ಪಂಪ್ ಮೇಲೆ ಕಂಡರೆ ಕೇಳದೆಯೇ ತೆಗೆದುಕೊಳ್ಳಬಹುದು. ಕೆಲವು ಏಲ್ ಬೇಕೆಂದೇ ಮಸುಕಾಗಿರುತ್ತದೆ, ಕೆಟ್ಟಿದೆ ಅಂದುಕೊಳ್ಳಬೇಡಿ.

ಹಾಗೆ ನೋಡಿದರೆ ಯಾವುದನ್ನು ತೆಗೆದುಕೊಳ್ಳಬೇಕು ಅನ್ನುವುದೇ ದೊಡ್ಡ ತಲೆನೋವು. ಮಂಡ್ಯದ ನಾಲಿಗೆಗೆ ತಿಳಿಬಣ್ಣದ, 4 ಪರ್ಸೆಂಟಿನ ಆಸುಪಾಸಿನದು. ಎರಡನೇ ಸಲಕ್ಕೆ ಟಿಮತಿ ಟೇಲರ್ಸ್ ಲ್ಯಾಂಡ್‌ಲಾರ್ಡ್, ಇದು ಯಾರ್ಕ್‌ಷೈರಿನದೇ. ಕಪ್ಪಗಿನದು ಬೇಕಾದರೆ ಯಾರ್ಕ್ ಹತ್ತಿರದ ರಡ್‌ಗೇಟ್‌ನವರ ರೂಬಿ ಮೈಲ್ಡ್. 2009ರಲ್ಲಿ ಇಡೀ ಬ್ರಿಟನ್ನಿನ ಚಾಂಪಿಯನ್ ಬಿಯರ್ ಅನ್ನಿಸಿಕೊಂಡದ್ದು. ಆ ಪಟ್ಟ ಕೊಡುವುದು ಕ್ಯಾಮ್ರಾ ಎಂಬ ಸಂಘ. ಕಾರ್ಖಾನೆ ಬಿಯರ್‌ಗಳ ಕಾಟ ತಡೆಯಲಾರದೆ 1971ರಲ್ಲಿ ನಾಲ್ವರು ಸೇರಿ ಕಟ್ಟಿದ್ದು. ರಿಯಲ್ ಏಲ್ ಎಂಬ ಹೆಸರು ಮನೆಮಾತಾದದ್ದೂ ಅವರಿಂದಲೇ.

ಗೊತ್ತಾಗದಿದ್ದರೆ ರುಚಿ ನೋಡಲು ಸ್ವಲ್ಪ ಕೇಳಿ, ಚಿಕ್ಕ ಲೋಟದಲ್ಲಿ ಒಂದು ಗುಟುಕು ಕೊಡುತ್ತಾರೆ. ಎರಡು ಸಲ ಕೇಳಿದರೆ ಪರವಾಗಿಲ್ಲ. ಐದು ಸಲ ಕೇಳಿದರೆ ಹಿಂದಿದ್ದವರು ಕೆಮ್ಮಲು ಶುರು ಮಾಡುತ್ತಾರೆ. ಪಿಂಟ್ ಬೇಡವಾದರೆ ಅರ್ಧ ಪಿಂಟ್ ಕೇಳಿ, ಯಾರೂ ನಗುವುದಿಲ್ಲ. ಪಂಪಿನ ಮೇಲಿನ ಹೆಸರಿನ ಬಿಲ್ಲೆ ಹಿಂದುಮುಂದಾಗಿದ್ದರೆ ಆ ಬಿಯರ್ ಮುಗಿದಿದೆ ಎಂದರ್ಥ. ಟೇಬಲ್ ಹತ್ತಿರ ಬಂದು ಯಾರೂ ಕೇಳುವುದಿಲ್ಲ, ಕೌಂಟರಿಗೆ ನೀವೇ ಹೋಗಬೇಕು, ಆಗಲೇ ದುಡ್ಡು ಕೊಡಬೇಕು. ಎಳೆಯ ಮುಖದವರು ವಯಸ್ಸಿನ ಪುರಾವೆ ಇಟ್ಟುಕೊಳ್ಳಿ. ಹದಿನೆಂಟು ದಾಟಿದ್ದರೂ ಇಪ್ಪತ್ತೈದಕ್ಕಿಂತ ಚಿಕ್ಕವರ ಹಾಗೆ ಕಂಡರೆ ಕೇಳುತ್ತಾರೆ.

ಭಾವ ಅವತ್ತು ಆ ಮೊದಲ ಲೋಟವನ್ನು ವಾಪಸ್ ಕೊಡಲಿಲ್ಲ. ನಿಧಾನಕ್ಕೆ ಮುಗಿಸಿದರು. ರೈಲಿಗೆ ಹದಿನೈದು ನಿಮಿಷ ಇದ್ದಾಗ ಬೋರ್ಡಿನಲ್ಲಿ ನಮ್ಮ ರೈಲು 40 ನಿಮಿಷ ತಡ ಎಂದು ಬಂತು. ನಾನು ಬಾಯಿಗೆ ಬಂದದ್ದು ಅಂದೆ. ಭಾವ ಮಾತಾಡಲಿಲ್ಲ. ಎದ್ದು ಕೌಂಟರಿಗೆ ಹೋಗಿ, ಕಪ್ಪಗಿನ ಪಂಪ್ ಒಂದಕ್ಕೆ ಬೆರಳು ತೋರಿಸಿ, ಎರಡು ಬೆರಳು ಎತ್ತಿದರು. ತಿರುಗಿ ನನ್ನ ಕಡೆ ನೋಡಿ ಕೂಗಿದರು, “ಇವತ್ತೇ ಇಳಿಸಿದ್ದಾ ಕೇಳೋ!”